ಸಮರ್ಥ ಅಂದ್ರೆ ಯಾರು?

ಆರ್ಡಿಸ್: 'ಸಮರ್ಥ ವೈದ್ಯ ಅಂದ್ರೆ ಸಾಮರ್ಥ್ಯ ಇರೋನು!' ಇದೇನು ಡೆಲ್ಮರ್, ತಲೆ ನೆಟ್ಟಗಿದ್ಯಾ?

ಡೆಲ್ಮರ್: ತಪ್ಪೇನಿದೆ? ಯಾರೂ ತಕರಾರು ತೆಗೆಯೋಕಾಗಲ್ಲ.

ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟಿನ ಕೈರೋಪ್ರಾಕ್ಟಿಕ್ ಕಾಲೇಜಿನಲ್ಲಿ ಆರ್ಡಿಸ್ ಹಳೆಯ ಮೇಡಂ, ಡೆಲ್ಮರ್ ಹಳೆಯ ಮೇಷ್ಟ್ರು. ಕೈಯಿಂದಲೇ ಬೆನ್ನುಮೂಳೆ ಸರಿಪಡಿಸುವ ವಿದ್ಯೆ ಕಲಿಸುವವರು. ಕಾಲೇಜಿನ ಮಾನ್ಯತೆ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಆ ಮಧ್ಯಾಹ್ನವೇ ಪರಿಶೀಲಕರು ಬರುವವರಿದ್ದರು. ಅವರಿಗೆ ಕೊಡಬೇಕಾದ ವರದಿಯಲ್ಲಿ, ಎಂಥವರಿಗೆ ಪದವಿ ಕೊಡಬಹುದು ಎನ್ನುವ ಒಂದೇ ಒಂದು ವಾಕ್ಯ ಇನ್ನೂ ಕುದುರಿರಲಿಲ್ಲ.

ಡೆಲ್ಮರ್: ಹೋಗ್ಲಿ, ಹೀಗೆ ಬರಿ. ಕೈ ಇಟ್ಟ ಕೂಡ್ಲೇ ಬೆನ್ನು 'ಲಟಕ್' ಅನ್ನಬೇಕು. ಅವನೇ ಸಮರ್ಥ.

ಆರ್ಡಿಸ್: ಲಟಕ್ ಅನ್ನಿಸೋದೇನು ಮಹಾ? ಯಾವಾಗ ಕೈ ಇಡಬಾರದು ಅಂತ ಗೊತ್ತಿರೋನು ಸಮರ್ಥ.

ಡೆಲ್ಮರ್: ನಮ್ಮ ಅಂಚೆಯವನು ಹುಟ್ಟಿದಾಗಿಂದ ಯಾರ ಬೆನ್ನಿಗೂ ಕೈ ಇಟ್ಟಿಲ್ಲ. ಅವನಿಗೂ ಪದವಿ ಕೊಟ್ಟುಬಿಡೋಣ್ವಾ?

ಆರ್ಡಿಸ್: ನಿನ್ನ ಲೆಕ್ಕದಲ್ಲಿ ಅಯೋವಾದ ಕುಸ್ತಿ ಹುಡುಗರಿಗೆಲ್ಲ ಕೊಡಬೇಕಾಗುತ್ತೆ!

ಡೆಲ್ಮರ್ ಸಿಟ್ಟಿನಿಂದ ಕುರ್ಚಿ ಎಳೆಯಲು ಬಗ್ಗಿದರು. ಬಗ್ಗಿದವರು ಬಗ್ಗಿದಂತೆಯೇ ಉಳಿದರು.

ಡೆಲ್ಮರ್: ಅಯ್ಯಯ್ಯೋ! ಸೊಂಟ ಹಿಡ್ಕೊಂಡ್ತು!

ಆರ್ಡಿಸ್: ಅಲ್ಲಾಡಬೇಡ. ಒಂದು ಲಟಕ್, ಸರಿಹೋಗುತ್ತೆ.

ಡೆಲ್ಮರ್: ಏಯ್, ದೂರ ನಿಲ್ಲು! ಕಾಲು ಜೋಮು ಹಿಡಿದಿದ್ಯಾ, ಎಲ್ಲಾದ್ರೂ ಬಿದ್ದಿದ್ಯಾ, ಏನಾದ್ರೂ ಕೇಳಿದ್ಯಾ ನೀನು?

ಆರ್ಡಿಸ್: ಇಷ್ಟು ವರ್ಷದಿಂದ ನೋಡ್ತಿದ್ದೀನಿ ನಿನ್ನ. ಕೇಳೋದೇನಿದೆ?

ಡೆಲ್ಮರ್: ಕೇಳದೆ ಕೈ ಹಾಕೋರನ್ನ ನಾನು ಫೇಲ್ ಮಾಡ್ತೀನಿ!

ಆರ್ಡಿಸ್: ಇಷ್ಟು ಸಣ್ಣ ಹಿಡಿತ ಬಿಡಿಸೋಕೆ ಬರದೋರನ್ನ ನಾನು ಫೇಲ್ ಮಾಡ್ತೀನಿ!

ಬಾಗಿಲಲ್ಲಿ ಯಾರೋ ಕೆಮ್ಮಿದರು. ಪರಿಶೀಲಕಿ ವಿನಿಫ್ರೆಡ್! ಯಾವಾಗ ಬಂದು ನಿಂತಿದ್ದರೋ.

ವಿನಿಫ್ರೆಡ್: ಅಲ್ಲಾ, ವಾಕ್ಯ ನಿಮ್ಮ ಬಾಯಲ್ಲೇ ಬಂತಲ್ರೀ. ಮೊದಲು ಕೇಳಿ ತಿಳ್ಕೋಬೇಕು, ಆಮೇಲೆ ಕೈಯೂ ಓಡಬೇಕು. ಇದಕ್ಕೆ ಇಷ್ಟು ಜಗಳವಾ?

ಇಬ್ಬರೂ ಮುಖ ಮುಖ ನೋಡಿಕೊಳ್ಳಲು ಹೋದರು. ಬಗ್ಗಿದ್ದ ಡೆಲ್ಮರ್‌ಗೆ ಕಂಡದ್ದು ಆರ್ಡಿಸ್‌ರ ಮೊಣಕಾಲು ಮಾತ್ರ.

ಆರ್ಡಿಸ್: (ಮೆತ್ತಗೆ) ಕಾಲು ಜೋಮು ಹಿಡಿದಿದ್ಯಾ?

ಡೆಲ್ಮರ್: ಇಲ್ಲ.

ಆರ್ಡಿಸ್: ಎಲ್ಲಾದ್ರೂ ಬಿದ್ದಿದ್ಯಾ?

ಡೆಲ್ಮರ್: ನಿನ್ನ ಬಾಯಿಗೆ ಬಿದ್ದಿದ್ದೀನಿ, ಅಷ್ಟೆ. ಕೈ ಇಡು ತಾಯಿ.

ಆರ್ಡಿಸ್ ಡೆಲ್ಮರ್‌ರನ್ನು ಮೇಜಿನ ಮೇಲೆ ಒರಗಿಸಿ, ಬೆರಳಿನಿಂದ ತಡಕಿ ನೋಡಿ, ಮೆಲ್ಲಗೆ ಒತ್ತಿದರು. ಡೆಲ್ಮರ್ ನೆಟ್ಟಗೆ ಎದ್ದು ನಿಂತು ಉಸ್ಸೆಂದರು.

ವಿನಿಫ್ರೆಡ್: ಭೇಷ್! ವಿಮಾನದಲ್ಲಿ ಕೂತು ಕೂತು ನನ್ನ ಕುತ್ತಿಗೆಯೂ ಹಿಡ್ಕೊಂಡಿದೆ. ಯಾರು ನೋಡ್ತೀರಿ?

ಆರ್ಡಿಸ್: ಡೆಲ್ಮರ್ ನೋಡ್ತಾನೆ!

ಡೆಲ್ಮರ್: ಆರ್ಡಿಸ್ ನೋಡ್ತಾಳೆ!

ವಿನಿಫ್ರೆಡ್: ಯಾಕೆ, ಇಬ್ಬರೂ ಸಮರ್ಥರಲ್ವಾ?

ಡೆಲ್ಮರ್: ಬೇರೆ ಯಾರ ಕುತ್ತಿಗೆಯಾದ್ರೂ ತನ್ನಿ ಮೇಡಂ. ಮಾನ್ಯತೆಗೆ ಸಹಿ ಬೀಳೋವರೆಗೂ ನಿಮ್ಮದರ ಮಟ್ಟಿಗೆ ನಾವು ಅಸಮರ್ಥರೇ!