ಒಂಬತ್ತರ ವಿಮಾನ

ನನ್ನ ಅಕ್ಷರ ಸೊಟ್ಟ, ಮಾತು ಅದಕ್ಕಿಂತ ಸೊಟ್ಟ, ಮನ್ನಿಸಿಬಿಡಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅದೂ ಮಲಯಾಳಂ ಶಾಲೆ. ಕನ್ನಡ ಅಜ್ಜಿ ಕಲಿಸಿದಷ್ಟೇ. ಆದರೆ ಗಂಟೆ, ನಿಮಿಷಗಳನ್ನು ಮಾತ್ರ ಎರಡೆರಡು ಸಲ ಕೇಳಿಕೊಂಡು ಬರೆದಿದ್ದೇನೆ.

ಕಲ್ಲೂರಿನ ವೃಷಭರಾಜರು, ಅಂದರೆ ನಮ್ಮಪ್ಪ, ಗಡಿಯಾರದ ಚಕ್ರವರ್ತಿ! ಬಸದಿಯ ಪೂಜೆ ಎರಡು ನಿಮಿಷ ತಡವಾದರೆ ಪುರೋಹಿತರಿಗೇ ವಾಚು ತೋರಿಸುವವರು. ಸಂಜೆ ಏಳಕ್ಕೆ ಅಜ್ಜಿ ಗುಣವತಿ ತೀರಿಕೊಂಡಾಗಲೂ ಮೊದಲು ನೋಡಿದ್ದು ವಾಚನ್ನೇ.

ದುಬೈಯ ಬೇಕರಿಯಲ್ಲಿರುವ ಅವರ ತಮ್ಮ ಪ್ರಸನ್ನ ಫೋನಿನಲ್ಲಿ ಅಳುತ್ತಿದ್ದರು. "ಅಣ್ಣ, ಬೆಳಗಿನ ಜಾವ ನಾಲ್ಕಕ್ಕೊಂದು ವಿಮಾನ ಉಂಟು, ಒಂಬತ್ತಕ್ಕೊಂದು. ನಾಲ್ಕರದ್ದಕ್ಕೆ ಓಡ್ತೀನಿ. ಅಮ್ಮನ ಮುಖ ನೋಡಬೇಕು."

"ಓಡಬೇಡ! ಕೋಝಿಕ್ಕೋಡಿಗೆ ಎರಡು ಸಾವಿರದ ಏಳುನೂರು ಕಿಲೋಮೀಟರ್. ಮೂರು ಗಂಟೆ ಐವತ್ತು ನಿಮಿಷ. ಒಂಬತ್ತಕ್ಕೆ ಹತ್ತಿದ್ರೆ ಹನ್ನೆರಡು ಐವತ್ತಕ್ಕೆ ಇಳೀತೀಯ. ಆಮೇಲೆ ಬರೀ ನೂರು ಕಿಲೋಮೀಟರ್! ಮೂರಕ್ಕೆ ಮನೇಲಿರ್ತೀಯ."

"ಇಲ್ಲಿ ಎಷ್ಟಕ್ಕೆ ಇಳೀತದೆ ಅಂತ ಅವರನ್ನೇ ಒಂದು ಮಾತು ಕೇಳಿ," ಅಂದಳು ನಮ್ಮಮ್ಮ.

"ಹೊತ್ತು ತಪ್ಪೋಕೆ ವಿಮಾನ ಏನು ನಿನ್ನ ತವರಿನ ಬಸ್ಸೇನೇ?"

ಮರುದಿನ ನೆಂಟರೆಲ್ಲ ಬಂದು ಕೂತರು. ಹೆಣ ಎತ್ತುವವರೆಗೆ ನಮ್ಮಲ್ಲಿ ಒಲೆ ಹಚ್ಚುವಂತಿಲ್ಲ; ಹೊತ್ತು ಮುಳುಗಿದ ಮೇಲೆ ಜೈನರು ಉಣ್ಣುವಂತಿಲ್ಲ. ಎಲ್ಲರ ಕಣ್ಣೂ ಅಪ್ಪನ ಮೇಲೆ.

ಒಂದು ಗಂಟೆ. "ಇಳಿದಿರ್ತಾನೆ. ಪೆಟ್ಟಿಗೆ ತಗೊಳ್ತಿರ್ತಾನೆ."

ಎರಡು ಗಂಟೆ. "ದೊಡ್ಡ ಪೆಟ್ಟಿಗೆ ಇರಬೇಕು."

ಎರಡೂವರೆಗೆ ಫೋನು. "ಅಣ್ಣ, ಈಗ ಇಳಿದೆ."

"ಈಗಲಾ! ಎಲ್ಲಿ ಹೋಗಿತ್ತು ನಿನ್ನ ವಿಮಾನ?"

"ಎಲ್ಲೂ ಹೋಗಿಲ್ಲ. ಅಲ್ಲಿ ಒಂಬತ್ತಾದಾಗ ಇಲ್ಲಿ ಹತ್ತೂವರೆ ಅಲ್ವಾ?"

ಅಪ್ಪ ವಾಚು ಬಿಚ್ಚಿ ಅಲ್ಲಾಡಿಸಿದರು.

"ಅದನ್ನ ಅಲ್ಲಾಡಿಸಿದ್ರೆ ದುಬೈ ಹತ್ತಿರ ಬರ್ತದಾ?" ಅಂದಳು ಅಮ್ಮ.

ಐದಕ್ಕೆ, ಚಿಕ್ಕಪ್ಪನನ್ನು ಕರೆತರುತ್ತಿದ್ದ ಟ್ಯಾಕ್ಸಿಯ ಬಿನು ಫೋನು ಮಾಡಿದ. "ಚೇಟ್ಟಾ, ಚುರಂ ಹತ್ತುವಲ್ಲಿ ಬ್ಲಾಕ್. ತಿರುವಿನಲ್ಲಿ ಲಾರಿ ಅಡ್ಡ ನಿಂತಿದೆ."

ಅಪ್ಪನ ಲೆಕ್ಕದಲ್ಲಿ ಚುರಂ ಅನ್ನೋ ಆ ಘಾಟಿಯೇ ಇರಲಿಲ್ಲ! ಹುಟ್ಟಿದಾಗಿನಿಂದ ಹತ್ತಿಳಿದ ದಾರಿ.

"ವೃಷಭಾ," ಅಂದರು ಹಿರಿಯರೊಬ್ಬರು, "ಕತ್ತಲಾದ ಮೇಲೆ ಸುಡೋ ಪದ್ಧತಿ ನಮ್ಮಲ್ಲಿಲ್ಲ. ಇನ್ನೊಂದು ರಾತ್ರಿ ಇವಳನ್ನ ಹೀಗೇ ಮಲಗಿಸ್ತೀಯಾ?"

ಅಪ್ಪ ದಾರಿಯ ಕಡೆ ಒಮ್ಮೆ ನೋಡಿ, ಚಟ್ಟಕ್ಕೆ ಹೆಗಲು ಕೊಟ್ಟರು. ಆರಕ್ಕೆ ಬೆಂಕಿ ಇಟ್ಟರು.

ಚಿಕ್ಕಪ್ಪ ಬಂದಾಗ ಏಳೂಕಾಲು. ಬರಿದಾದ ಚಾಪೆಯನ್ನು ನೋಡುತ್ತಾ ನಿಂತರು. ಕೂಗಲಿಲ್ಲ, ಅಳಲಿಲ್ಲ. ಅಪ್ಪನಿಗೆ ಅದೇ ತಡೆಯಲಾಗಲಿಲ್ಲ.

"ಬೈಯೋ ಮಾರಾಯ! ನಾಲ್ಕರ ವಿಮಾನ ತಪ್ಪಿಸಿದವನು ನಾನು. ಒಂದು ಸಲ ಬೈದುಬಿಡು!"

ಚಿಕ್ಕಪ್ಪ ಅಣ್ಣನ ಪಕ್ಕದಲ್ಲೇ ಕುಸಿದು ಕೂತರು. "ಬೈತೀನಿ ಅಣ್ಣ. ನಿನ್ನೆಯಿಂದ ಏನೂ ತಿಂದಿಲ್ಲ, ಈಗ ಹೊತ್ತೂ ಮುಳುಗಿದೆ. ಬೆಳಿಗ್ಗೆ ಉಂಡು, ಶಕ್ತಿ ಬಂದ ಮೇಲೆ ಬೈತೀನಿ."

ನಾಳೆ ಸೂರ್ಯ ಹುಟ್ಟಿದ ಕೂಡಲೇ ನಾನು ಇಬ್ಬರಿಗೂ ಗಂಜಿ ಮಾಡುತ್ತೇನೆ.