ಅತ್ತೆಯ ಸೊಂಟದಿಂದ ಕೊಡ ಇಳಿಸಲು ಹೋದದ್ದು

ವಸ್ತುಗಳನ್ನು ವಿನ್ಯಾಸ ಮಾಡಿ ಬದುಕುವವನು ಅವಮಾನವನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಮನೆ ಬಾಗಿಲಿಗೆ ಬರುತ್ತದೆ. ನಮ್ಮ ಕಡೆ 'ಡಿಸೈನರ್' ಅಂದರೆ ಕುಬಸ ಹೊಲಿಯುವವನು. ಬರಗಾಲದ ವರ್ಷಗಳಲ್ಲಂತೂ ಇಂಥ ಪ್ರಸಂಗಗಳಿಗೆ ಬರ ಇರಲಿಲ್ಲ.

ಆಗ ನಾನು ಉದಗೀರದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಟ್ಯಾಂಕರಿನ ನೀರು ತಂದು ತಂದು ಆಕೆಯ ಸೊಂಟ ಬಿದ್ದುಹೋಗಿತ್ತು. "ಇಷ್ಟು ಓದೀದಿ, ಈ ಸೊಂಟಕ್ಕ ಏನಾರ ಮಾಡಬಾರದೇನೋ?" ಎನ್ನುತ್ತಿದ್ದಳು. ನನ್ನನ್ನು ಸಾಕಿದವಳು ಗೋಡೆ ಹಿಡಿದು ಏಳುವುದನ್ನು ನೋಡಿದರೆ ಸಂಕಟವಾಗುತ್ತಿತ್ತು. ಆ ಸೊಂಟದಿಂದ ಕೊಡ ಇಳಿಸಿಯೇ ತೀರುತ್ತೇನೆ ಎಂದು ನಿಶ್ಚಯಿಸಿದೆ.

ಉಮರ್ಗಾ: ಕಲೆ

ಮೊದಲು ಕಲೆಯಿಂದ ಊರವರ ಕಣ್ಣು ತೆರೆಸೋಣ ಎನಿಸಿತು. ಉಮರ್ಗಾದ ಧಾನ್ಯದ ವ್ಯಾಪಾರಿಯೊಬ್ಬರು ಅಂಗಡಿಯ ಮುಂದೆ ಜಾಗ ಕೊಟ್ಟರು. ಹಳೆಯ ಕೊಡಗಳ ತಳಕ್ಕೆ ತೂತು ಕೊರೆದು ಸಾಲಾಗಿ ಇಟ್ಟೆ. ಬತ್ತಿದ ನೆಲದ ಸಂಕೇತ ಅದು.

ಚಹಾ ಕುಡಿದು ಬರುವಷ್ಟರಲ್ಲಿ ಸಾಲು ಓಣಿಯ ತಿರುವು ದಾಟಿತ್ತು. ಕೊಡದ ಸಾಲು ಕಂಡರೆ ನಮ್ಮಲ್ಲಿ ಯಾಕೆಂದು ಯಾರೂ ಕೇಳುವುದಿಲ್ಲ, ತಮ್ಮದೊಂದು ಕೊಡ ಇಟ್ಟು ಪಾಳಿ ಹಿಡಿಯುತ್ತಾರೆ. ಆ ದಾರಿಯಲ್ಲಿ ಹೊರಟಿದ್ದ ಟ್ಯಾಂಕರಿನವನೂ ಸಾಲು ನೋಡಿ ಗಾಡಿ ನಿಲ್ಲಿಸಿದ. ಮೊದಲ ಕೊಡಕ್ಕೆ ಪೈಪು ಬಿಟ್ಟ. ಎಷ್ಟು ಹೊತ್ತಾದರೂ ಅದು ತುಂಬಲಿಲ್ಲ. "ಹೀ ಘಾಗರ ಭರತ ಕಾ ನಾಹೀ?" ಈ ಕೊಡ ಯಾಕೆ ತುಂಬುತ್ತಿಲ್ಲ ಎಂದು ಮರಾಠಿಯಲ್ಲಿ ಕೊಡವನ್ನೇ ಬೈದ.

ಹಿಂದಿದ್ದ ಹೆಣ್ಣುಮಗಳು ಕೊಡ ಎತ್ತಿ ತಳ ನೋಡಿದಳು. "ತೂತಿನ ಕೊಡಾ ಇಟ್ಟು ಪಾಳಿ ಹಿಡಿದಾಂವಾ ಯಾಂವಾ?"

ಕಲಾವಿದನಾಗಿ ಹೋದವನು ದಾರಿಹೋಕನಾಗಿ ಮರಳಿದೆ.

ನಿಲಂಗಾ: ಪಾಠ

ನಿಲಂಗಾದ ಕಾಲೇಜೊಂದರಲ್ಲಿ ವಿನ್ಯಾಸ ಕಲಿಸುತ್ತಿದ್ದೆ. ವಿದ್ಯಾರ್ಥಿಗಳಿಗೆ ಅತ್ತೆಯ ಕಷ್ಟವನ್ನೇ ಪ್ರಶ್ನೆಯಾಗಿ ಕೊಟ್ಟೆ. "ಮುದುಕಿಯ ಸೊಂಟ ಉಳಿಯಬೇಕು, ನೀರು ಮನೆಗೆ ಬರಬೇಕು, ಕರೆಂಟು ಬಳಸಬಾರದು, ಪರಿಸರ ಕೆಡಬಾರದು. ಅಂಥ ಸಾಧನದ ಚಿತ್ರ ಬರೆಯಿರಿ."

ಒಬ್ಬ ತುಂಬ ಬೇಗ ಎದ್ದು ಬಂದ. ಹಾಳೆಯ ಮೇಲೆ ಸೀರೆ ಉಟ್ಟ ಹುಡುಗಿ, ಸೊಂಟದ ಮೇಲೆ ಕೊಡ.

"ಏನಿದು?"

"ಸೊಸಿ ರೀ ಸರ. ಕರೆಂಟ್ ಬೇಕಾಗಲ್ಲ."

ತರಗತಿ ಬಿದ್ದು ಬಿದ್ದು ನಕ್ಕಿತು. ನಗದೆ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ, ಆ ಸಾಧನಕ್ಕೂ ಸೊಂಟ ಇರ್ತದ ರೀ."

ಉದಗೀರ: ಡ್ರಮ್ಮು

ಕೊನೆಗೆ ನಾನೇ ಕೈ ಹಚ್ಚಿದೆ. ಗುಜರಿಯ ನೀಲಿ ಡ್ರಮ್ಮಿಗೆ ಹಳೆಯ ಸೈಕಲ್ಲಿನ ಪೈಪು ಬಾಗಿಸಿ ಹಿಡಿಕೆ ಮಾಡಿದೆ. ನೀರು ತುಂಬಿ, ಮುಚ್ಚಿ, ಅಡ್ಡ ಮಲಗಿಸಿ ಎಳೆದರೆ ಉರುಳಿಕೊಂಡು ಹಿಂದೆ ಬರುತ್ತದೆ. ಹೊರುವ ಮಾತೇ ಇಲ್ಲ.

ಅತ್ತೆ ಅದರ ಸುತ್ತ ಒಂದು ಸುತ್ತು ಬಂದಳು. "ರಸ್ತಾದಾಗ ಉರುಳ್ಯಾಡಿದ ನೀರು ಲಿಂಗಪೂಜಿಗಿ ನಡೀತದೇನೋ?"

"ಅತ್ತಿ, ನೀರು ಒಳಗ ಇರ್ತದ. ನೆಲಕ್ಕ ಹತ್ತಲ್ಲ."

"ಕೆಳಗ ಮ್ಯಾಲ ಆಗ್ತದಲ್ಲ? ದೇವರಿಗಿ ತಲಿ ತಿರುಗಿದ ನೀರು ಹಾಕ್ಲೇನು?"

ನಾನು ಡ್ರಮ್ಮನ್ನು ಗೋಡೆಗೆ ಆನಿಸಿಟ್ಟು ಒಳಗೆ ಹೋದೆ.

ಆದರೂ ಮರುದಿನ ಆಕೆ ಡ್ರಮ್ಮು ಎಳೆದುಕೊಂಡು ಹೊರಟಳು. ದೇವರು ಒಪ್ಪಿರಬೇಕು ಎಂದುಕೊಂಡೆ. ಕೆಲವು ದಿನಗಳಲ್ಲಿ ಗೋಡೆ ಹಿಡಿಯದೆ ಏಳತೊಡಗಿದಳು. ನನಗೆ ಕಣ್ಣು ತುಂಬಿ ಬಂತು. ನನ್ನ ಡ್ರಮ್ಮು ಕೆಲಸ ಮಾಡುವುದನ್ನು ಕಣ್ಣಾರೆ ನೋಡೋಣ ಎಂದು ಟ್ಯಾಂಕರು ನಿಲ್ಲುವಲ್ಲಿಗೆ ಹೋದೆ.

ಪಾಳಿಯಲ್ಲಿ ಎಲ್ಲರೂ ನಿಂತಿದ್ದರು. ಅತ್ತೆ ಖಾಲಿ ಡ್ರಮ್ಮಿನ ಮೇಲೆ ಆರಾಮಾಗಿ ಕುಳಿತಿದ್ದಳು. ಪಕ್ಕದಲ್ಲಿ ಅದೇ ಹಳೆಯ ಕೊಡ.

"ಹೊತ್ತಿದ್ದಕ್ಕಲ್ಲೋ ತಮ್ಮಾ, ಪಾಳ್ಯಾಗ ನಿಂತು ನಿಂತು ಸೊಂಟ ಹೋಗಿತ್ತು. ಭಾಳ ಛಂದ ಮಾಡೀದಿ. ಓಣ್ಯಾಗಿನವರೆಲ್ಲ ಒಂದೊಂದು ಬೇಕಂತಾರ."

"ಏನಾರ ಸುಧಾರಿಸಬೇಕೇನು ಅತ್ತಿ?"

ಡ್ರಮ್ಮು ಸರಿಯದಂತೆ ಎರಡೂ ಬದಿಗೆ ಒತ್ತುಕೊಟ್ಟಿದ್ದ ಕಲ್ಲುಗಳನ್ನು ಆಕೆ ತೋರಿಸಿದಳು.

"ಎಲ್ಲಾ ಬರೋಬರ ಅದ. ಈ ಉರುಳೋದೊಂದು ಬಂದ್ ಮಾಡಿ ಕೊಡು."