ನಡುಕೆರೆಯ ಸೀಸೆ

ಕೆಲವರು ಕಾಲಿಟ್ಟಲ್ಲೆಲ್ಲ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ. ನಾನು ಜೀಪು ಓಡಿಸುತ್ತಿದ್ದ ಪ್ರೊಫೆಸರ್ ಸಾಹೇಬರು ಆ ಪೈಕಿ. ಪೇಪರಿನಲ್ಲಿ ಫೋಟೋ ಬರುವಷ್ಟು ದೊಡ್ಡ ವಿಜ್ಞಾನಿ. ಮಣ್ಣು, ನೀರು, ಉಪ್ಪು ಅಂದರೆ ಊಟ ಬಿಟ್ಟು ಕೂರೋರು. ಇದು ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು, ನಮ್ಮ ಕಡೆಯದೆಲ್ಲ ಆಗಿನ್ನೂ ಕೋಲಾರ ಜಿಲ್ಲೆ. ಬೆಂಗಳೂರಿನಿಂದ ಅವರನ್ನು ಕೂರಿಸಿಕೊಂಡು ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಅಂತ ಕೆರೆ ಕೆರೆ ಸುತ್ತಿದ್ದೇ ಸುತ್ತಿದ್ದು. ಅವರಿಗೆ ಅವಸರ ಅನ್ನೋದೇ ಗೊತ್ತಿಲ್ಲ. ನನಗೋ ನಿಂತ ಜೀಪಿನಲ್ಲಿ ಕೂತರೆ ಮುಳ್ಳಿನ ಮೇಲೆ ಕೂತ ಹಾಗೆ.

ನನ್ನ ಚಡಪಡಿಕೆಗೆ ಕಾರಣವೂ ಇತ್ತು. ಸುತ್ತಾಟದ ಕೊನೆಯ ಕೆರೆ ನಮ್ಮೂರಿನದು, ಗೌರಿಬಿದನೂರಿನಾಚೆ. ನೀರು ತರುವ ಕಾಲುವೆಯಲ್ಲಿ ಹೂಳು ತುಂಬಿ, ಕೆರೆ ವರ್ಷವರ್ಷಕ್ಕೂ ಕುಗ್ಗಿ, ಉಳಿದ ಒಂದಿಷ್ಟು ನೀರು ಉಪ್ಪೋ ಉಪ್ಪು. ದನಗಳು ಮೂತಿ ಇಟ್ಟು ಹಾಗೇ ತಿರುಗಿಬಿಡುತ್ತಿದ್ದವು. ಹೂಳು ತೆಗೆಸಿ ಸ್ವಾಮಿ ಅಂತ ಕೇಳಿದರೆ ನೀರಾವರಿ ಇಂಜಿನಿಯರ್, "ನೀರು ಕೆಟ್ಟಿದೆ ಅಂತ ಆ ಪ್ರೊಫೆಸರ್ ಹೇಳಲಿ, ತೆಗೆಸ್ತೀನಿ. ಇಲ್ದಿದ್ರೆ ಹೇಗೂ ಬತ್ತಿಹೋಗ್ತಿರೋ ಕೆರೆ, ಏರಿ ಒಡೆದು ಜಮೀನು ಮಾಡಿ ಹಂಚಿಬಿಡ್ತೀವಿ" ಅಂದಿದ್ದರು. ಮಳೆಗಾಲಕ್ಕೆ ಮುಂಚೆ ಏನಾದರೂ ಆಗಬೇಕು. ನಮ್ಮ ಸಾಹೇಬರು ನೋಡಿದರೆ ದಾರೀಲಿ ಸಿಕ್ಕ ಗುಂಡಿಗೆಲ್ಲ ಇಳಿಯೋರು!

ಮಣ್ಣಿನ ರುಚಿ

ಚಿಂತಾಮಣಿ ದಾರಿಯಲ್ಲಿ "ನಿಲ್ಸಪ್ಪಾ" ಅಂದರು. ಇಳಿದವರೇ ಹೊಲದ ಬದುವಿನಿಂದ ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಹಾಕಿಕೊಂಡು, ಕಣ್ಣು ಮುಚ್ಚಿ ಚಪ್ಪರಿಸಿದರು. ಉಪ್ಪು ಎಷ್ಟಿದೆ ಅಂತ ಮೊದಲು ನೋಡೋದು ಅವರು ಹಾಗೇ. ಆಮೇಲೆ ಇನ್ನೊಂದು ಚಿಟಿಕೆ. ಆಮೇಲೆ ಪಕ್ಕದ ಬದುವಿನದು. ನಾನು ಹಾರನ್ ಮೇಲೆ ಬೆರಳಿಟ್ಟುಕೊಂಡು ಒದ್ದಾಡುತ್ತಿದ್ದೆ.

ಬದನೆಕಾಯಿ ಬುಟ್ಟಿ ಹೊತ್ತು ಸಂತೆಗೆ ಹೊರಟಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. ನಮ್ಮ ಕಡೆ ಮಣ್ಣು ತಿನ್ನೋ ಆಸೆ ಆಗೋದು ಬಸುರಿಯರಿಗೆ. ಅವಳು ತೆಲುಗಿನಲ್ಲಿ, "ಎನ್ನೋ ನೆಲಯ್ಯಾ?" ಅಂದಳು.

"ಏನಂತಪ್ಪಾ ಅವರು?" ಅಂದರು ಸಾಹೇಬರು.

ಏನು ಹೇಳಲಿ? "ಎಷ್ಟನೇ ತಿಂಗಳು ಅಂತ ಕೇಳ್ತಾವಳೆ ಸಾರ್" ಅಂದೆ, ಮುಖ ಆ ಕಡೆ ಮಾಡಿಕೊಂಡು.

ಸಾಹೇಬರು ಮೀಸೆಗೆ ಹತ್ತಿದ ಮಣ್ಣು ಒರೆಸಿಕೊಂಡು, "ಒಂಬತ್ತು ತುಂಬಿದೆ ತಾಯಿ. ಈ ಡ್ರೈವರ್ ಅವಸರ ನೋಡಿದ್ರೆ ಹೆರಿಗೆ ಜೀಪಿನಲ್ಲೇ ಆಗೋ ಹಾಗಿದೆ" ಅಂದರು.

ಲಂಡನ್ ಕಣ್ಣು

ಮಾರನೇ ದಿನ ಶಿಡ್ಲಘಟ್ಟದ ಹತ್ತಿರ ಜಂಗಮಕೋಟೆ. ಉಪ್ಪುನೀರು ಕುಡಿದ ಹಿಪ್ಪುನೇರಳೆ ಸೊಪ್ಪನ್ನು ರೇಷ್ಮೆ ಹುಳು ತಿನ್ನುತ್ತೋ ಇಲ್ಲವೋ ನೋಡಬೇಕಂತೆ. ಹುಳು ಸಾಕಿದ್ದ ಮನೆಯೊಡತಿ ಬಾಗಿಲಿಗೆ ಅಡ್ಡ ನಿಂತಳು.

"ಹುಳ ಜೋರಾಗಿ ಮೇಯೋ ಹೊತ್ತು. ಹೊರಗಿನೋರ ಕಣ್ಣು ಬೀಳಬಾರದು" ಅಂದಳು.

ನನಗೆ ರೇಗಿತು. ನಮ್ಮೂರಿಗೆ ಹೋಗೋದು ಯಾವಾಗ? "ಇವರು ಯಾರು ಗೊತ್ತೇನಮ್ಮ? ಲಂಡನ್ನಿಗೆಲ್ಲ ಹೋಗಿ ಬಂದೋರು!" ಅಂದೆ.

"ಲಂಡನ್ ನೋಡಿದ್ರೂ ಕಣ್ಣು ಕಣ್ಣೇ ಅಲ್ವೇನಪ್ಪ?"

ಸಾಹೇಬರು ಕನ್ನಡಕ ತೆಗೆದು ನನ್ನ ಕೈಗಿಟ್ಟರು. "ಇದಿಲ್ದೆ ನಂಗೆ ಎದುರಿಗಿರೋ ಗೋಡೆ ಕೂಡ ಕಾಣ್ಸಲ್ಲಮ್ಮ. ಈಗ ಬಿಡ್ತೀರಾ?" ಅಂದರು. ಅವಳು ಸೆರಗು ಬಾಯಿಗಿಟ್ಟು ನಗುತ್ತಾ ದಾರಿ ಬಿಟ್ಟಳು.

ಒಳಗೆ ಕತ್ತಲು. ತಟ್ಟೆ ತಟ್ಟೆ ಹುಳು ಸೊಪ್ಪು ಮೇಯುವ ಸದ್ದು, ಹೆಂಚಿನ ಮೇಲೆ ಹನಿ ಬಿದ್ದ ಹಾಗೆ. ಸಾಹೇಬರು ಸುಮ್ಮನೆ ನಿಂತು ಕೇಳಿ, ಈಚೆ ಬಂದು, "ಏನೂ ಕಾಣ್ಲಿಲ್ಲಪ್ಪ. ಆದ್ರೆ ಈ ವರ್ಷ ಈ ಸೀಮೇಲಿ ನಾನು ಕೇಳಿದ ಮೊದಲ ಮಳೆ ಇದೇ" ಅಂದರು.

ನೀರು ಕುಡಿಯೋ ಕೋಲು

ಅಂತೂ ಇಂತೂ ನಮ್ಮೂರು ಬಂತು. ಬೇಸಗೆ ಶುರುವಿನಲ್ಲೇ ಸಾಹೇಬರ ಕಡೆಯವರು ಕೆರೆಯಲ್ಲೊಂದು ಅಳತೆಕೋಲು ನೆಟ್ಟು, ಕೆಂಪು ಗೆರೆ ಬಳಿದು ಹೋಗಿದ್ದರು. ನೀರು ಒಂದೊಂದೇ ಗೆರೆ ಇಳಿದು, ಈಗ ಕೋಲು ಒಣ ನೆಲದಲ್ಲಿ ನಿಂತಿತ್ತು. ಸುತ್ತ ಬೆಳ್ಳಗೆ ಉಪ್ಪಿನ ಪದರ. ಹುಡುಗನಾಗಿದ್ದಾಗ ನಾನು ಈಜು ಕಲಿತ ಜಾಗ ಅದು.

ಊರ ಹಿರಿಯರು ಗುಂಪಾಗಿ ಬಂದು ಕೈಮುಗಿದರು. "ಸ್ವಾಮಿ, ಆ ಕೋಲು ಕಿತ್ತುಬಿಡಿ. ಅದು ನೆಟ್ಟಾಗಿಂದ ನೀರು ಇಳೀತಾನೇ ಐತೆ."

ನಾನು ತಲೆ ಚಚ್ಚಿಕೊಂಡೆ. ಸಾಹೇಬರು ಮಾತ್ರ ಗಂಭೀರವಾಗಿ, "ಕೀಳಿ. ನೀರು ಏರಿದ್ರೆ ನಂಗೊಂದು ಕಾರ್ಡ್ ಹಾಕಿ. ನಮ್ಮ ಮನೇಲಿ ನನ್ನ ಹೆಂಡತಿ ಗೋಡೆಗೆ ಕ್ಯಾಲೆಂಡರ್ ನೇತುಹಾಕಿದಾಗಿಂದ ನಂಗೂ ವಯಸ್ಸಾಗ್ತಾನೇ ಇದೆ, ಅದನ್ನೂ ಕೀಳ್ತೀನಿ" ಅಂದರು.

ಇಂಗು, ಶುಂಠಿ, ಕರಿಬೇವು

ಅವತ್ತು ಸಾಹೇಬರು ತಾವೇ ಮೊಣಕಾಲುದ್ದ ಕೆಸರಿಗಿಳಿದು ನೀರು ಹಿಡಿದರು. ಒಂದೊಂದು ಸೀಸೆಗೂ ಚೀಟಿ ಅಂಟಿಸಿದರು: ತೂಬಿನ ಹತ್ತಿರ, ಏರಿ ಬದಿ, ನಡುಕೆರೆ. ಎಲ್ಲವನ್ನೂ ಹುಣಸೆಮರದ ನೆರಳಿನಲ್ಲಿಟ್ಟು, ಹಿರಿಯರ ಜೊತೆ ಕಾಲುವೆ ನೋಡಲು ಹೋದರು. ನಾನೂ ಹಿಂದೆ ಓಡಿದೆ. ನಮ್ಮ ದೊಡ್ಡಮ್ಮ ಮರದಡಿಯಲ್ಲೇ ಮಜ್ಜಿಗೆ ಚೊಂಬು ಹಿಡಿದು ನಿಂತಿದ್ದಳು. "ಕೆಲಸ ಮುಗೀಲಿ ತಾಯಿ" ಅಂದುಬಿಟ್ಟಿದ್ದರು ಸಾಹೇಬರು. ಕೆಲಸ ಮುಗಿಯುವ ಹೊತ್ತಿಗೆ ಇಳಿಹೊತ್ತು. ಮಜ್ಜಿಗೆ ಮರೆತೇ ಹೋಯಿತು, ಹೊರಟುಬಿಟ್ಟೆವು.

ಮಾರನೇ ದಿನ ಬೆಂಗಳೂರಿನ ಲ್ಯಾಬಿಗೆ ಇಂಜಿನಿಯರೂ ಬಂದು ಕೂತರು. ಮೊದಲ ಸೀಸೆ ಪರೀಕ್ಷೆ ಮಾಡಿದರು. ಸಿಹಿನೀರು! ಎರಡನೆಯದೂ ಸಿಹಿ.

"ನೋಡಿದ್ರಾ? ಊರೋರೆಲ್ಲ ಸೇರಿ ಸುಳ್ಳು ಹೇಳ್ತಾರೆ. ಏರಿ ಒಡೆಯೋಕೆ ಆರ್ಡರ್ ಹಾಕ್ತೀನಿ" ಅಂತ ಇಂಜಿನಿಯರ್ ಎದ್ದೇಬಿಟ್ಟರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಹೋಯ್ತು, ನಮ್ಮೂರ ಕೆರೆ ಹೋಯ್ತು ಅಂದುಕೊಂಡೆ.

ಸಾಹೇಬರು ಕೊನೆಯ ಸೀಸೆ ಎತ್ತಿದರು. ನಡುಕೆರೆಯದು. ನೀರು ಬೆಳ್ಳಗಿತ್ತು.

"ಸುಣ್ಣ ಇರಬೇಕು" ಅಂದರು ಇಂಜಿನಿಯರ್.

ಸಾಹೇಬರು ಮೂಸಿದರು. ನಾಲಿಗೆಗೆ ಹಚ್ಚಿದರು. ಆಮೇಲೆ ಅರ್ಧ ಸೀಸೆ ಗಟಗಟ ಕುಡಿದೇಬಿಟ್ಟರು! "ಸ್ವಲ್ಪ ಹುಳಿ ಬಂದಿದೆ. ಇಂಗು, ಕರಿಬೇವು ಸರಿಯಾಗಿದೆ. ಶುಂಠಿ ಒಂಚೂರು ಜಾಸ್ತಿ" ಅಂದು ನನ್ನ ಕಡೆ ತಿರುಗಿ, "ನಿಮ್ಮೂರ ಕೆರೇಲಿ ಎಮ್ಮೆ ಎಷ್ಟು ದಿನದಿಂದ ಬಿದ್ಕೊಂಡಿದೆಯಪ್ಪಾ?" ಅಂದರು.

ದೊಡ್ಡಮ್ಮನ ಹಟ

ಇಂಜಿನಿಯರ್ ನಗಲಿಲ್ಲ. "ಇದೆಲ್ಲ ನಾಟಕ. ಕೆರೆ ಹತ್ರಾನೇ ಹೋಗಣ ನಡೀರಿ" ಅಂದರು. ಆವತ್ತು ನಾನು ಜೀಪು ಓಡಿಸಿದ ರಭಸಕ್ಕೆ ಚಿಕ್ಕಬಳ್ಳಾಪುರದ ತನಕ ಇಬ್ಬರೂ ಸೀಟು ಗಟ್ಟಿಯಾಗಿ ಹಿಡಿದುಕೊಂಡೇ ಕೂತಿದ್ದರು.

ಊರಿಗೆ ಹೋದವನೇ ದೊಡ್ಡಮ್ಮನ ಮೇಲೆ ಎಗರಾಡಿದೆ. "ಸೀಸೆ ನೀರು ಬದಲಾಯಿಸಿದ್ದು ನೀನೇನಾ? ಕೆರೆ ಕಳೀತಿದ್ದೆಯಲ್ಲೇ!"

"ಹೂಂ ಕಣೋ, ನಾನೇ. ಅಷ್ಟು ದೊಡ್ಡ ಮನುಷ್ಯ, ನಮ್ಮೂರಿಗೆ ಬಂದು ದಾರಿಗೆ ಅಂತ ನೀರು ತುಂಬ್ಕೊಂಡು ಹೋಗ್ತಾರೆ. ಆ ದರಿದ್ರ ನೀರು ಕೊಟ್ಟು ಕಳಿಸೋದಾ? ಮಾನ ಬ್ಯಾಡ್ವಾ? ಅಷ್ಟು ದೂರದ ಬಾವಿಯಿಂದ ಹೊತ್ತು ತಂದು ತುಂಬಿದೀನಿ. ಮಜ್ಜಿಗೆ ಬ್ಯಾರೆ ಕುಡೀಲಿಲ್ಲ, ಅದನ್ನೂ ಒಂದರಲ್ಲಿ ಹಾಕಿದೆ."

ಇಂಜಿನಿಯರ್ ಮುಂದೆ ಬಂದರು. "ಆಯ್ತಜ್ಜಿ. ಈಗ ಒಂದು ಚೊಂಬು ಕೆರೆ ನೀರು ತಂದ್ಕೊಡು. ಇಲ್ಲೇ ಕುಡಿದು ನೋಡ್ತೀನಿ."

ದೊಡ್ಡಮ್ಮ ಕೈಮುಗಿದಳು. "ಅದೊಂದು ಕೇಳ್ಬ್ಯಾಡಿ ಸಾಮಿ. ಏರಿ ಒಡೆದ್ರೂ ಒಡೀರಿ. ಮನೆ ಮುಂದೆ ಬಂದೋರ ಬಾಯಿಗೆ ಆ ನೀರು ನನ್ನ ಕೈಯಾರೆ ಹುಯ್ಯಲ್ಲ."

ಸಾಹೇಬರು ಇಂಜಿನಿಯರ್ ಹೆಗಲ ಮೇಲೆ ಕೈಯಿಟ್ಟರು. "ಕೆರೆ ಹೋದ್ರೂ ಸರಿ, ಆ ನೀರು ಕೊಡಲ್ಲ ಅಂತಾರೆ. ಇನ್ನೇನ್ರೀ ಪರೀಕ್ಷೆ ಮಾಡ್ಲಿ ನಾನು?"

ಇಂಜಿನಿಯರಿಗೂ ಹಟ. ಕೆರೆ ಕಡೆ ನಡೆದರು; ಹಿಂದೆ ನಾವು, ನಮ್ಮ ಹಿಂದೆ ಇವತ್ತೂ ಮಜ್ಜಿಗೆ ಚೊಂಬು ಹಿಡಿದು ದೊಡ್ಡಮ್ಮ. ಪ್ಯಾಂಟು ಮಡಚಿ ಕೆರೆಗಿಳಿದು, ಬೊಗಸೆ ತುಂಬ ನೀರೆತ್ತಿ ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿತು, ಕಣ್ಣಲ್ಲಿ ನೀರು. ಉಗಿದು, ಮಾತು ಹೊರಡದೆ, ದೊಡ್ಡಮ್ಮನ ಮಜ್ಜಿಗೆ ಚೊಂಬಿನ ಕಡೆ ಕೈ ತೋರಿಸಿದರು. ಎರಡು ಲೋಟ ಇಳಿದ ಮೇಲೆ ಬಂದ ಮೊದಲ ಮಾತು, "ಕಾಲುವೆ ಕೆಲಸ ನಾಳೆಯಿಂದಾನೇ ಶುರು ಮಾಡಿಸ್ತೀನಿ."

ಖುಷಿಗೆ ನನಗೆ ಅಳುವೇ ಬಂತು. ಜನ್ಮದಲ್ಲಿ ಒಂದು ಕಡೆ ಕೂರದ ನಾನು ಏರಿ ಮೇಲೆ ಕುಸಿದು ಕೂತುಬಿಟ್ಟೆ. ದೊಡ್ಡಮ್ಮ ಸಾಹೇಬರಿಗೂ ಲೋಟ ಚಾಚಿದಳು.

ಸಾಹೇಬರು ಕನ್ನಡಕ ಏರಿಸಿಕೊಂಡು ಲೋಟದೊಳಗೆ ಬಗ್ಗಿ ನೋಡಿದರು. "ಇದು ಏರಿ ಬದಿಯದೋ, ನಡುಕೆರೆಯದೋ ತಾಯಿ? ನಡುಕೆರೆಯದಾದ್ರೆ ಶುಂಠಿ ಕಮ್ಮಿ ಮಾಡಿ."